ಬೆನ್ನ ಮೇಲೆ 58 ಕಿಲೊ

2005ರ ನವೆಂಬರ್ 1, ಮಂಗಳವಾರ. ಮೆಲ್ಬರ್ನಿಗೆ ಬಂದ ಮೇಲೆ ನಮಗೆ ಅದು ಮೊದಲ ದೀಪಾವಳಿ. ಅವತ್ತೇ ಕನ್ನಡ ರಾಜ್ಯೋತ್ಸವ ಬೇರೆ. ಹೊಸ ಕೆಲಸ, ಹಬ್ಬಕ್ಕೆ ರಜೆ ಕೇಳೋದು ಹೇಗೆ ಅಂತ ನಮ್ಮವರು ವಾರದಿಂದ ಯೋಚನೆ ಮಾಡುತ್ತಿದ್ದರು. ಒಂದು ಸಂಜೆ ಬಂದು, "ಕೇಳೋದೇ ಬೇಡ ಕಣೇ, ಅವತ್ತು ಊರಿಗೆಲ್ಲ ರಜೆ. ಕುದುರೆ ರೇಸಿದೆಯಂತೆ" ಅಂದರು. ಒಂದು ರೇಸಿಗೋಸ್ಕರ ಸರ್ಕಾರವೇ ರಜೆ ಕೊಡುತ್ತದೆ ಅಂದರೆ ನಾನು ನಂಬಲಿಲ್ಲ. ಆದರೆ ಅದು ನಿಜವಾಗಿತ್ತು. ನವೆಂಬರ್ ತಿಂಗಳ ಮೊದಲ ಮಂಗಳವಾರ ಮೆಲ್ಬರ್ನ್ ಕಪ್. ಮಧ್ಯಾಹ್ನ ಮೂರು ಗಂಟೆಗೆ 3,200 ಮೀಟರ್ ಓಟ. 1861ರಿಂದ ನಡೆದುಕೊಂಡು ಬಂದಿದೆ.

ಆಗ ನಾವಿದ್ದದ್ದು ಫುಟ್ಸ್‌ಕ್ರೇಯಲ್ಲಿ. ಮರಿಬಿರ್ನಾಂಗ್ ನದಿ ದಾಟಿದರೆ ಫ್ಲೆಮಿಂಗ್ಟನ್ ರೇಸ್‌ಕೋರ್ಸ್. ಬೆಳಗ್ಗೆಯಿಂದ ರೈಲಿನ ತುಂಬ ಜನ. ಗಂಡಸರು ಸೂಟಿನಲ್ಲಿ, ಹೆಂಗಸರ ತಲೆಯ ಮೇಲೆ ಗರಿ ಸಿಕ್ಕಿಸಿದ ಟೋಪಿ. ನಾನು ಕಜ್ಜಾಯ ಮಾಡಿ, ಒಂದು ತಟ್ಟೆಯಲ್ಲಿಟ್ಟುಕೊಂಡು, ಎಂಟು ತಿಂಗಳ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಕ್ಕದ ಮನೆಗೆ ಹೋದೆ. ಅಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಬ್ಬರೇ ಇದ್ದರು. ಮನೆಯೊಳಗೇ ಟೋಪಿ ಹಾಕಿಕೊಂಡು ಟಿವಿ ಮುಂದೆ ಕೂತಿದ್ದರು. "ಕೂತ್ಕೋ ಮಗಳೇ, ಇವತ್ತು ಇದನ್ನ ನೋಡದೆ ಹೋಗಬೇಡ" ಅಂದರು. ಹೇಳಿದ್ದು ಇಂಗ್ಲಿಷಿನಲ್ಲಿ. ನನ್ನ ಕಿವಿಗೆ ಮಾತ್ರ ಹೀಗೇ ಕೇಳಿಸಿತು.

ಮೈದಾನದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ. ಎಲ್ಲರೂ ಕಾಯುತ್ತಿದ್ದದ್ದು ಒಂದೇ ಕುದುರೆಗೆ. ಹೆಸರು ಮಕೈಬಿ ಡೀವಾ. ಕಂದು ಬಣ್ಣದ ಹೆಣ್ಣು ಕುದುರೆ. 2003ರಲ್ಲಿ ಕಪ್ ಗೆದ್ದಿದ್ದಳು, 2004ರಲ್ಲಿ ಮತ್ತೆ ಗೆದ್ದಿದ್ದಳು. ಕನ್ನಡದಲ್ಲಿ ಕುದುರೆಗೆ 'ಅದು' ಅನ್ನಬೇಕು, ಗೊತ್ತು. ಇವಳ ವಿಷಯ ಬಂದಾಗ ನನ್ನ ಬಾಯಲ್ಲಿ 'ಅದು' ಬರುವುದೇ ಇಲ್ಲ.

ನಾನು ಹುಟ್ಟಿದ್ದು ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ. ಟಿಪ್ಪು ಕಾಲದ್ದು ಅಂತ ಜನ ಹೇಳುವ ಸ್ಟಡ್ ಫಾರ್ಮ್ ನಮ್ಮ ಕುಣಿಗಲ್ಲಿನಲ್ಲೇ ಇದೆ. ಚಿಕ್ಕವಳಿದ್ದಾಗ ಬಸ್ಸಿನ ಕಿಟಕಿಯಿಂದ ತಾಯಿ ಕುದುರೆಗಳು ಮರಿಗಳ ಜೊತೆ ಮೇಯುವುದನ್ನು ನೋಡುತ್ತಿದ್ದೆ. ಆ ಮರಿಗಳು ದೊಡ್ಡವಾಗಿ ಎಲ್ಲಿಗೆ ಹೋಗುತ್ತವೆ ಅಂತ ಕೇಳಿದರೆ ಮನೆಯಲ್ಲಿ ಮಾತು ಬದಲಾಯಿಸುತ್ತಿದ್ದರು. ನಮ್ಮ ಕಡೆ ರೇಸ್ ಅಂದರೆ ಮನೆ ಮಠ ಕಳೆದುಕೊಳ್ಳುವ ದಾರಿ. ಬೆಂಗಳೂರಿಗೆ ಹೋಗಿ ರೇಸಾಡಿ, ಇದ್ದ ಜಮೀನು ಮಾರಿದವರ ಕಥೆ ಎಷ್ಟೋ ಕೇಳಿದ್ದೆ. ಓಡುವ ಕುದುರೆಯ ಬಗ್ಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ. ಹೇಳಿದ್ದು ಈ ಅಜ್ಜಿ. ಅವರು ಶುರು ಮಾಡಿದ್ದೇ ತೂಕದಿಂದ.

ಮೆಲ್ಬರ್ನ್ ಕಪ್ ಹ್ಯಾಂಡಿಕ್ಯಾಪ್ ರೇಸ್. ಚೆನ್ನಾಗಿ ಓಡುವ ಕುದುರೆಗೆ ಜಾಸ್ತಿ ಭಾರ, ಅಷ್ಟಕ್ಕಷ್ಟೇ ಅನ್ನಿಸುವ ಕುದುರೆಗೆ ಕಡಿಮೆ ಭಾರ. ಎಲ್ಲರಿಗೂ ಗೆಲ್ಲುವ ಅವಕಾಶ ಇರಲಿ ಅಂತ ಈ ಏರ್ಪಾಡು. ಜಾಕಿ, ಜೀನು ಎಲ್ಲ ಸೇರಿ ಗೊತ್ತು ಮಾಡಿದಷ್ಟು ತೂಗಬೇಕು. ತೂಕ ಸಾಲದಿದ್ದರೆ ಸೀಸದ ತುಂಡುಗಳನ್ನು ಸೇರಿಸುತ್ತಾರೆ. ಓಟ ಮುಗಿದ ಮೇಲೂ ಜಾಕಿ ಜೀನು ಹಿಡಿದುಕೊಂಡು ಹೋಗಿ ತಕ್ಕಡಿ ಹತ್ತಬೇಕು. ನಮ್ಮಲ್ಲಿ ಗೆದ್ದೆತ್ತಿನ ಬಾಲ ಹಿಡಿಯುತ್ತಾರೆ. ಇಲ್ಲಿ ಗೆದ್ದೆತ್ತಿನ ಬೆನ್ನಿಗೆ ಇನ್ನೊಂದು ಮೂಟೆ ಹೇರುತ್ತಾರೆ.

ಮೊದಲ ಸಲ ಗೆದ್ದಾಗ ಮಕೈಬಿ ಡೀವಾ ಹೊತ್ತಿದ್ದು 51 ಕಿಲೊ. ಎರಡನೇ ಸಲ 55.5. ಈ ಸಲ 58. ಅಷ್ಟು ಹೊತ್ತು ಈ ಕಪ್ ಗೆದ್ದ ಹೆಣ್ಣು ಕುದುರೆ ಅದುವರೆಗೆ ಒಂದೂ ಇರಲಿಲ್ಲ.

ಮೊದಲನೇ ಸಲಕ್ಕೂ ಮೂರನೇ ಸಲಕ್ಕೂ ವ್ಯತ್ಯಾಸ 7 ಕಿಲೊ. ಅಜ್ಜಿ ಇದನ್ನು ಹೇಳಿ ನನ್ನ ಸೊಂಟದ ಮೇಲಿದ್ದ ಮಗುವಿನ ಕಡೆ ಬೆರಳು ತೋರಿಸಿದರು. ನನ್ನ ಮಗಳು ಆಗ ಹೆಚ್ಚು ಕಡಿಮೆ ಅಷ್ಟೇ ಇದ್ದಳು. ಅವಳನ್ನು ಎತ್ತಿಕೊಂಡು ಸ್ಟೇಷನ್ನಿನ ತನಕ ನಡೆದರೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದಾದ ಮೇಲೆ ನನಗೆ ಆ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈ ಭಾರದ ಮುಂದೆ ದೊಡ್ಡ ದೊಡ್ಡ ಕುದುರೆಗಳೇ ಮಂಡಿಯೂರಿವೆ. ಫಾರ್ ಲ್ಯಾಪ್ 1930ರಲ್ಲಿ 62.5 ಕಿಲೊ ಹೊತ್ತು ಗೆದ್ದಿತು. ಮರುವರ್ಷ ಅದರ ಮೇಲೆ 68 ಕಿಲೊ ಹೇರಿದರು. ಎಂಟನೆಯದಾಗಿ ಬಂತು. ಮಕೈಬಿ ಡೀವಾಗಿಂತ ಮುಂಚೆ ಎರಡು ಸಲ ಕಪ್ ಗೆದ್ದ ಕುದುರೆಗಳು ನಾಲ್ಕೇ: ಆರ್ಚರ್, ಪೀಟರ್ ಪ್ಯಾನ್, ರೇನ್ ಲವರ್, ಥಿಂಕ್ ಬಿಗ್. ನಾಲ್ಕೂ ಗಂಡು. ಆರ್ಚರ್ ಮೊದಲ ಎರಡು ವರ್ಷ, 1861 ಮತ್ತು 1862ರಲ್ಲಿ ಗೆದ್ದಿತ್ತು. 1863ರಲ್ಲಿ ಅದು ಓಡುತ್ತದೆ ಅಂತ ತಿಳಿಸುವ ಟೆಲಿಗ್ರಾಮು ಮೆಲ್ಬರ್ನಿನಲ್ಲಿ ರಜೆ ಇದ್ದದ್ದರಿಂದ ತಡವಾಗಿ ತಲುಪಿತು. ಓಡಲು ಬಿಡಲಿಲ್ಲ. ಎಷ್ಟು ಹೊಟ್ಟೆ ಉರಿಯುವ ವಿಷಯ ಅಲ್ವಾ? ಮೂರನೇ ಕಪ್ ಅನ್ನುವುದು ಅಲ್ಲಿಂದ 142 ವರ್ಷ ಹಾಗೇ ಉಳಿದಿತ್ತು.

ಇವಳ ಹುಟ್ಟಿನ ಕಥೆ ಓದಿದರೆ ಇಂಥ ಕುದುರೆ ಇವಳೇ ಆಗುತ್ತಾಳೆ ಅಂತ ಯಾರೂ ಹೇಳಲಾರರು. ಟೋನಿ ಸ್ಯಾಂಟಿಚ್ ಅನ್ನುವವರು ಕ್ರೊಯೇಷಿಯಾದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಆಸ್ಟ್ರೇಲಿಯಾಕ್ಕೆ ಬಂದವರು. ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಲಿಂಕನ್ ಊರಲ್ಲಿ ಟ್ಯೂನಾ ಮೀನಿನ ಕಸುಬು. ಸಮುದ್ರದಲ್ಲೇ ಬಲೆ ಕಟ್ಟಿ ಮೀನು ಕೊಬ್ಬಿಸಿ ಜಪಾನಿಗೆ ಮಾರುವುದು. ಅವರು ಇಂಗ್ಲೆಂಡಿನ ಹರಾಜಿನಲ್ಲಿ ಟುಗೇಲಾ ಅನ್ನುವ ಗಬ್ಬದ ಕುದುರೆಯನ್ನು ಕೊಂಡರು. 1999ರ ಮಾರ್ಚಿನಲ್ಲಿ ಸಾಮರ್‌ಸೆಟ್‌ನಲ್ಲಿ ಅದು ಹೆಣ್ಣು ಮರಿ ಹಾಕಿತು. ಮರಿಯನ್ನು ಅಲ್ಲೇ ಹರಾಜಿಗಿಟ್ಟರು. ಕೇಳಿದಷ್ಟು ಬೆಲೆ ಬರಲಿಲ್ಲ, ವಾಪಸ್ ಬಂತು. ಆಮೇಲೆ ತಾಯಿಯನ್ನೂ ಮರಿಯನ್ನೂ ಆಸ್ಟ್ರೇಲಿಯಾಕ್ಕೆ ತರಿಸಿಕೊಂಡರು. ತಮ್ಮ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದ ಐದು ಜನ ಹೆಂಗಸರ ಹೆಸರಿನ ಮೊದಲ ಎರಡೆರಡು ಇಂಗ್ಲಿಷ್ ಅಕ್ಷರ ಜೋಡಿಸಿ ಹೆಸರಿಟ್ಟರು. ಮೀನಿನ ಕಂಪನಿಯ ಆ ಐದು ಜನರ ಹೆಸರನ್ನು ಆಮೇಲೆ ಒಂದು ಲಕ್ಷ ಜನ ಒಟ್ಟಿಗೆ ಕೂಗಿದರು. ನನಗೆ ಇಡೀ ಕಥೆಯಲ್ಲಿ ತುಂಬ ಇಷ್ಟದ ಭಾಗ ಇದು.

ಇನ್ನೊಂದು ತೊಡಕೂ ಇತ್ತು. ಆಸ್ಟ್ರೇಲಿಯಾದಲ್ಲಿ ಕುದುರೆಗಳಿಗೆಲ್ಲ ಒಂದೇ ಹುಟ್ಟುಹಬ್ಬ, ಆಗಸ್ಟ್ 1. ಇಲ್ಲಿ ವಸಂತ ಶುರುವಾಗುವುದು ಸೆಪ್ಟೆಂಬರಿನಲ್ಲಿ, ಮರಿಗಳು ಹುಟ್ಟುವುದೂ ಆ ಹೊತ್ತಿಗೇ. ಇವಳು ಹುಟ್ಟಿದ್ದು ಭೂಮಿಯ ಆಚೆ ಬದಿಯ ವಸಂತದಲ್ಲಿ. ಹಾಗಾಗಿ ಲೆಕ್ಕದ ಪ್ರಕಾರ ಒಂದೇ ವಯಸ್ಸಿನ ಇಲ್ಲಿಯ ಕುದುರೆಗಳಿಗಿಂತ ನಿಜದಲ್ಲಿ ಸುಮಾರು ಆರು ತಿಂಗಳು ಚಿಕ್ಕವಳು. ಎಳೆಯ ಕುದುರೆಗೆ ಆರು ತಿಂಗಳು ಅಂದರೆ ತುಂಬ. ಎರಡು ವರ್ಷಕ್ಕೇ ಓಡಿಸುವ ಆತುರ ಯಾರೂ ಮಾಡಲಿಲ್ಲ. 2002ರ ಜುಲೈನಲ್ಲಿ ಬೆನಾಲ್ಲಾ ಅನ್ನುವ ಸಣ್ಣ ಊರಲ್ಲಿ ಮೊದಲ ರೇಸ್. ನಾಲ್ಕನೆಯವಳಾಗಿ ಬಂದಳು. ಅದಾದ ಮೇಲೆ ಸಾಲಾಗಿ ಆರು ಗೆದ್ದಳು.

2003ರ ಕಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರೈನರ್ ಡೇವಿಡ್ ಹಾಲ್, ಜಾಕಿ ಗ್ಲೆನ್ ಬಾಸ್. ಬಾಸ್ ಹಿಂದಿನ ವರ್ಷ ಮಕಾವಿನಲ್ಲಿ ಕುದುರೆಯಿಂದ ಬಿದ್ದು ಕುತ್ತಿಗೆ ಮುರಿದುಕೊಂಡಿದ್ದ ಮನುಷ್ಯ. ಮತ್ತೆ ಕುದುರೆ ಹತ್ತುವುದೇ ದೊಡ್ಡ ಮಾತು. ಅಂಥವರು ಬಂದು ಈ ಕಪ್ ಗೆದ್ದರು, ಆಮೇಲಿನ ಎರಡಕ್ಕೂ ಅವರೇ ಕೂತರು. ಹಾಲ್ ಹಾಂಗ್‌ಕಾಂಗಿಗೆ ಹೋದರು. ಕುದುರೆ ಲೀ ಫ್ರೀಡ್‌ಮನ್ ಅವರ ಲಾಯಕ್ಕೆ ಬಂತು.

2004ರದ್ದನ್ನು ನಾನು ಆಮೇಲೆ ವಿಡಿಯೊದಲ್ಲಿ ನೋಡಿದ್ದು. ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಳೆ ಅಂದರೆ ಮಳೆ, ನಮ್ಮ ಮಲೆನಾಡಿನ ಮಳೆ ಥರ. ಜಾಕಿಗಳ ಬಟ್ಟೆಯ ಬಣ್ಣ ಯಾವುದು, ಕೆಸರು ಯಾವುದು ಗೊತ್ತಾಗುವುದಿಲ್ಲ. ಅವಳ ಹಿಂದೆ ಬಂದದ್ದು ಐರ್ಲೆಂಡಿನ ವಿನ್ನಿ ರೋ. ಐರಿಶ್ ಸೇಂಟ್ ಲೆಜರ್ ರೇಸನ್ನು ನಾಲ್ಕು ಸಲ ಗೆದ್ದ ಗಟ್ಟಿ ಕುದುರೆ. ಅದು ಅಟ್ಟಿಸಿಕೊಂಡು ಬಂದರೂ ಇವಳು ಮುಂದೆಯೇ ಉಳಿದಳು. ಒಣಗಿದ ನೆಲದಲ್ಲಿ 3 ನಿಮಿಷ 19 ಸೆಕೆಂಡಿನ ಓಟ ಅವತ್ತು 3 ನಿಮಿಷ 28 ಸೆಕೆಂಡು ಹಿಡಿಯಿತು. ಆ ಒಂಬತ್ತು ಸೆಕೆಂಡಿನಷ್ಟೂ ಹೊತ್ತು ಕೆಸರು ಕಾಲನ್ನು ಎಳೆದಿದೆ.

ಇಂಥ ದೂರದ ಓಟಕ್ಕೆ ಹೇಳಿ ಮಾಡಿಸಿದ ಕುದುರೆಗೆ ಸ್ಟೇಯರ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳಿದರೆ ದಮ್ಮಿರುವ ಕುದುರೆ. ಒಂದು ಸಾವಿರ ಮೀಟರಿನ ಕುದುರೆ ಬೇರೆ ಥರದ್ದು. ಅದರ ತೊಡೆ ದಪ್ಪ, ಎದೆ ದಪ್ಪ, ಬಿಟ್ಟ ಬಾಣದ ಹಾಗೆ ಹೋಗಿ ಒಂದು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಸ್ಟೇಯರ್ ನೋಡಲು ತೆಳ್ಳಗೆ, ಉದ್ದಕ್ಕೆ ಇರುತ್ತದೆ. ಮಾಂಸಖಂಡ ಎಷ್ಟು ಬೆಳೆಯಬೇಕು ಅಂತ ತಡೆಯುವ ಮಯೊಸ್ಟಾಟಿನ್ ಅನ್ನುವ ವಂಶವಾಹಿಯಲ್ಲೇ ಈ ವ್ಯತ್ಯಾಸದ ದೊಡ್ಡ ಪಾಲಿದೆ ಅಂತ 2010ರಲ್ಲಿ ಡಬ್ಲಿನ್ನಿನ ವಿಜ್ಞಾನಿ ಎಮೆಲಿನ್ ಹಿಲ್ ಅವರ ತಂಡ ತೋರಿಸಿತು.

ನಾಗಾಲೋಟದಲ್ಲಿರುವ ಕುದುರೆ ತನಗೆ ಬೇಕಾದಾಗ ಉಸಿರಾಡಲು ಆಗುವುದಿಲ್ಲ. ಒಂದು ನೆಗೆತಕ್ಕೆ ಒಂದೇ ಉಸಿರು. ಕಾಲಿನ ಲಯವೇ ಉಸಿರಿನ ಲಯ. ಓಟ ಶುರುವಾದ ಕೂಡಲೇ ಹೊಟ್ಟೆಯೊಳಗಿನ ಗುಲ್ಮ (ಸ್ಪ್ಲೀನ್) ಹಿಂಡಿಕೊಂಡು, ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತದೆ. ಹೃದಯ ನಿಮಿಷಕ್ಕೆ 200ಕ್ಕೂ ಮೀರಿ ಬಡಿಯುತ್ತದೆ. ಸಾಮಾನ್ಯ ಕುದುರೆಯ ಹೃದಯ ಸುಮಾರು 4 ಕಿಲೊ ಇದ್ದರೆ ಫಾರ್ ಲ್ಯಾಪ್‌ನದು 6.2 ಕಿಲೊ ಇತ್ತು. ಅದು ಈಗ ಕ್ಯಾನ್‌ಬೆರಾದ ಮ್ಯೂಸಿಯಮ್ಮಿನಲ್ಲಿದೆ. ಚರ್ಮ ತುಂಬಿಸಿ ನಿಲ್ಲಿಸಿದ ಕುದುರೆ ನಮ್ಮ ಮೆಲ್ಬರ್ನಿನಲ್ಲಿ, ಮೂಳೆ ನ್ಯೂಜಿಲೆಂಡಿನಲ್ಲಿ. ಊರಿಂದ ಯಾರೇ ಬಂದರೂ ನಾನು ಆ ಗಾಜಿನ ಪೆಟ್ಟಿಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸುತ್ತೇನೆ.

ಸರಿ, ಆ ಮಂಗಳವಾರಕ್ಕೆ ಬರೋಣ.

ಆ ಓಟಕ್ಕೆ ಮುಂಚೆ ಸುಮ್ನೆ ಮಲಗಿ ಬಂದವಳಲ್ಲ ಅವಳು. ಹತ್ತು ದಿನದ ಹಿಂದಷ್ಟೇ ಕಾಕ್ಸ್ ಪ್ಲೇಟ್ ಗೆದ್ದಿದ್ದಳು. ಅದು 2,040 ಮೀಟರಿನ ರೇಸ್, ಆಸ್ಟ್ರೇಲಿಯಾದ ಅತಿ ಚುರುಕಿನ ಕುದುರೆಗಳ ಜೊತೆ ಓಡಬೇಕಾದದ್ದು. ಲೆಕ್ಕದಲ್ಲಿ ಏಳು ವರ್ಷದವಳು. ನೆಲ ಗಟ್ಟಿ ಇದ್ದರೆ ಓಡಿಸುವುದಿಲ್ಲ ಅಂತ ಸ್ಯಾಂಟಿಚ್ ಹೇಳಿದ್ದರು. ಫ್ಲೆಮಿಂಗ್ಟನ್ನಿನಲ್ಲಿ ಹುಲ್ಲಿಗೆ ನೀರು ಬಿಟ್ಟರು. ಒಂದು ಕುದುರೆಗೋಸ್ಕರ ನೀರು ಬಿಟ್ಟರು ಅಂತ ಕೆಲವರು ಸಿಟ್ಟಾದರು. ಗಟ್ಟಿ ನೆಲದಲ್ಲಿ 58 ಕಿಲೊ ಹೊತ್ತು ಓಡುವಾಗ ಆ ಬಡಪಾಯಿ ಕಾಲಿಗೆ ಆಗುವ ಪೆಟ್ಟನ್ನು ನೆನೆದರೆ, ಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನನಗೆ ಅನ್ನಿಸುತ್ತದೆ. ಮೆತ್ತಗಿನ ನೆಲ ಎಲ್ಲ ಕುದುರೆಗೂ ಮೆತ್ತಗೇ ಅಲ್ವಾ?

ಗೇಟು ತೆರೆಯಿತು. ಜನರ ಮುಂದೆ ಒಂದು ಸಲ ಹಾದು ಹೋಗಿ, ಪೂರ್ತಿ ಒಂದು ಸುತ್ತು ಬಂದು, ಮತ್ತೆ ಅದೇ ಜನರ ಮುಂದೆ ಮುಗಿಯುವ ಓಟ ಇದು. ಮೊದಲ ಸಲ ಹಾದು ಹೋಗುವಾಗ ಕೂಗು ಜೋರಿತ್ತು. ಕುದುರೆಗಳು ದೂರದ ಬದಿಗೆ ಹೋದ ಮೇಲೆ ಟಿವಿಯಲ್ಲೂ ಸ್ವಲ್ಪ ಶಾಂತವಾದ ಹಾಗೆ ಅನ್ನಿಸಿತು. "ಎಲ್ಲಿದ್ದಾಳೆ?" ಅಂತ ಕೇಳಿದೆ. ಅಜ್ಜಿ ಪರದೆಗೆ ಬೆರಳಿಟ್ಟು ತೋರಿಸಿದರು. ನಡುವಿನ ಗುಂಪಿನಲ್ಲಿ, ಒಳಗಿನ ಕಂಬಿಯ ಕಡೆಗೆ, ಕೆಂಪು ಬಿಳಿ ನೀಲಿ ಬಟ್ಟೆ. ಏನೂ ಅವಸರವಿಲ್ಲ. ಮುಂದೆ ಎಷ್ಟೋ ಕುದುರೆಗಳಿವೆ. ಬಾಸ್ ಕೈ ಅಲ್ಲಾಡಿಸುತ್ತಿಲ್ಲ. ನನಗೆ ಆತಂಕ. ಅಜ್ಜಿ ಮಾತ್ರ ಒಂದು ಕಜ್ಜಾಯ ಮುರಿದು ಬಾಯಿಗೆ ಹಾಕಿಕೊಂಡರು. "ಕಾಯ್ತಿದ್ದಾಳೆ" ಅಂದರು.

ಕೊನೆಯ ತಿರುವು. ಮುಂದೆ 450 ಮೀಟರ್ ನೇರ ದಾರಿ. ಅಲ್ಲಿಂದ ಆದದ್ದನ್ನು ನಾನು ಮೊದಲ ಸಲ ನೋಡಿದಾಗ ಅವಳಿಗೆ ರೆಕ್ಕೆ ಬಂತು ಅಂದುಕೊಂಡೆ. ಆಮೇಲೆ ಎಷ್ಟೋ ಸಲ ನೋಡಿದ ಮೇಲೆ ಬೇರೆ ಕಂಡಿತು. ಇಷ್ಟು ದೂರದ ಓಟದ ಕೊನೆಯಲ್ಲಿ ಹೊಸದಾಗಿ ವೇಗ ತರುವುದಕ್ಕೆ ಯಾರ ಹತ್ತಿರವೂ ಬಹಳ ಉಳಿದಿರುವುದಿಲ್ಲ. ಸುತ್ತಲಿನ ಕುದುರೆಗಳು ಒಂದೊಂದಾಗಿ ಸೋಲುತ್ತವೆ. ಒಂದರ ತಲೆ ಮೇಲಕ್ಕೆ ಹೋಗುತ್ತದೆ, ಇನ್ನೊಂದರ ನೆಗೆತ ಗಿಡ್ಡವಾಗುತ್ತದೆ, ಮತ್ತೊಂದು ಅಡ್ಡಡ್ಡ ಹೋಗುತ್ತದೆ. ಅವಳ ಕಾಲು ಮಾತ್ರ ಮೊದಲ ಸಾವಿರ ಮೀಟರಿನಲ್ಲಿ ಬಿದ್ದ ಹಾಗೇ ಬೀಳುತ್ತಿರುತ್ತದೆ. ಕುತ್ತಿಗೆ ಕೆಳಗೆ, ಕಿವಿ ಹಿಂದಕ್ಕೆ, ಒಂದು ನೆಗೆತ ಒಂದು ಉಸಿರು. ನಮ್ಮ ಊರಲ್ಲಿ ನಾಟಿ ಮಾಡುವ ಹೆಂಗಸರನ್ನು ನೋಡಿದ್ದೇನೆ. ಬೆಳಗ್ಗೆ ಎಲ್ಲರ ಕೈಯೂ ಒಂದೇ ಓಟ. ಸಂಜೆ ನಾಲ್ಕಕ್ಕೆ ಯಾರೋ ಒಬ್ಬಾಕೆ ಸಾಲಿನಲ್ಲಿ ಮುಂದೆ ಇರುತ್ತಾಳೆ. ಅವಳ ಕೈ ಜೋರಾದದ್ದು ಯಾರಿಗೂ ಕಂಡಿರುವುದಿಲ್ಲ.

ಅವಳು ಮುಂದೆ ಬಂದಳು. ಹೊರಗಿನಿಂದ ಆನ್ ಎ ಜೆನ್ ಅನ್ನುವ ಕುದುರೆ ಬೆನ್ನಟ್ಟಿತು. ಅಜ್ಜಿ ಎದ್ದು ನಿಂತಿದ್ದರು. ನಾನೂ ಎದ್ದಿದ್ದೆ ಅಂತ ಆಮೇಲೆ ಗೊತ್ತಾಯಿತು. ಒಂದೂಕಾಲು ಲೆಂಗ್ತ್, ಅಂದರೆ ಒಂದೂಕಾಲು ಕುದುರೆಯಷ್ಟು ಉದ್ದದ ಅಂತರದಲ್ಲಿ ಗೆದ್ದಳು. ನಮ್ಮ ಕೂಗಿಗೆ ಮಗಳು ಬೆಚ್ಚಿಬಿದ್ದು ಅಳತೊಡಗಿದಳು. ಟಿವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದ ಗ್ರೆಗ್ ಮೈಲ್ಸ್ ಅವರ ದನಿಯೂ ನಡುಗುತ್ತಿದ್ದ ಹಾಗೆ ನನಗೆ ಕೇಳಿಸಿತು. ಅಲ್ಲಿ ಊರಲ್ಲಿ ಆಗ ಬೆಳಗ್ಗೆ ಒಂಬತ್ತೂವರೆ. ಬಾವುಟ ಹಾರಿಸಿ ಮಕ್ಕಳು ಸಾಲಾಗಿ ನಿಂತಿರುವ ಹೊತ್ತು. ಏನೋ ಗೊತ್ತಿಲ್ಲ, ಅದು ನೆನಪಾಗಿ ನನಗೂ ಅಳು ಬಂತು. ಪರದೇಶಕ್ಕೆ ಬಂದ ಎಂಟೊಂಬತ್ತು ತಿಂಗಳಲ್ಲಿ, ಇದು ನನ್ನದೂ ಹೌದು ಅನ್ನಿಸಿದ ಮೊದಲ ದಿನ ಅದು. ಅವಳೂ ಹೊರಗಿನಿಂದ ಬಂದವಳೇ.

ಕಪ್ ಕೊಡುವ ವೇದಿಕೆಯ ಮೇಲೇ ಸ್ಯಾಂಟಿಚ್, ಇನ್ನು ಇವಳು ಓಡುವುದಿಲ್ಲ ಅಂತ ಹೇಳಿಬಿಟ್ಟರು. ಆ ಮಾತಿಗೆ ಅವರ ಮೇಲೆ ನನಗೆ ಇವತ್ತಿಗೂ ಗೌರವ. ಇನ್ನೊಂದು ವರ್ಷ, ಇನ್ನೊಂದು ಕಪ್ ಅಂತ ಆಸೆ ಪಡುವುದು ಎಷ್ಟು ಸುಲಭವಿತ್ತು. 36 ರೇಸ್, 15 ಗೆಲುವು, ಸುಮಾರು 1.45 ಕೋಟಿ ಡಾಲರ್ ಬಹುಮಾನ. ಅಲ್ಲಿಗೆ ಸಾಕು ಅಂದರು.

ಸಾಕು ಅನ್ನುವುದು ಯಾಕೆ ಅಷ್ಟು ದೊಡ್ಡದು ಅಂದರೆ, ಆಮೇಲಿನ ವರ್ಷಗಳಲ್ಲಿ ಇದೇ ಓಟದಲ್ಲಿ ನಾನು ಬೇರೆಯದನ್ನೂ ನೋಡಿದ್ದೇನೆ. 2013ರಲ್ಲಿ ವೆರೆಮಾ ಕಾಲು ಮುರಿದುಕೊಂಡಿತು. 2014ರಲ್ಲಿ ಜಪಾನಿನ ಅಡ್ಮೈರ್ ರಾಕ್ಟಿ ಕೊನೆಯದಾಗಿ ಬಂದು, ಲಾಯಕ್ಕೆ ಹೋಗಿ ಕುಸಿದು ಸತ್ತಿತು. ಅದೇ ದಿನ ಅರಾಲ್ಡೊ ಓಟ ಮುಗಿಸಿ ವಾಪಸ್ ಬರುವಾಗ ಜನ ಬೀಸಿದ ಬಾವುಟಕ್ಕೆ ಬೆದರಿ ಕಾಲು ಮುರಿದುಕೊಂಡಿತು. ಮೂರು ಸಲ ಎರಡನೆಯದಾಗಿ ಬಂದಿದ್ದ ರೆಡ್ ಕ್ಯಾಡೊ 2015ರಲ್ಲಿ ಹೋಯಿತು. 2018ರಲ್ಲಿ ಒಂದು, 2020ರಲ್ಲಿ ಇಂಗ್ಲೆಂಡಿನ ಡರ್ಬಿ ಗೆದ್ದಿದ್ದ ಆಂಟನಿ ವ್ಯಾನ್ ಡೈಕ್. ಅದಾದ ಮೇಲೆ ಹೊರದೇಶದ ಕುದುರೆಗಳ ಕಾಲಿಗೆ ಸ್ಕ್ಯಾನ್ ಕಡ್ಡಾಯ ಮಾಡಿದರು. ಮುಂಚೆಯೇ ಮಾಡಬೇಕಿತ್ತು. ಕಾಲು ಮುರಿದ ಕುದುರೆಗೆ ಅಲ್ಲೇ ದಯಾಮರಣ ಕೊಡುವಾಗ ಹಸಿರು ಪರದೆ ಹಿಡಿದು ಮರೆ ಮಾಡುವುದನ್ನು ನೋಡಿದಾಗ ಇನ್ನು ಈ ರೇಸ್ ನೋಡಲೇಬಾರದು ಅಂತ ಎರಡು ವರ್ಷ ಟಿವಿ ಹಾಕಲಿಲ್ಲ. ಮೂರನೇ ವರ್ಷ ಮತ್ತೆ ಹಾಕಿದೆ. ನಾನು ಇದುವರೆಗೆ ಒಂದು ರೂಪಾಯಿಯೂ ಬಾಜಿ ಕಟ್ಟಿಲ್ಲ, ಕಟ್ಟುವುದೂ ಇಲ್ಲ. ಈ ಓಟವನ್ನು ಪ್ರೀತಿಸುವುದು ಸರಿಯೋ ತಪ್ಪೋ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಪ್ರೀತಿ ಇದೆ, ನೋವೂ ಇದೆ.

ಮಕೈಬಿ ಡೀವಾಳ ಮೊದಲ ಮರಿ 15 ಲಕ್ಷ ಡಾಲರಿಗೆ ಹರಾಜಾಯಿತು. ಯಾರಿಗೂ ಬೇಡವಾಗಿ ವಾಪಸ್ ಬಂದವಳ ಮರಿಗೆ ಅಷ್ಟು ಬೆಲೆ. ಅವಳ ಮರಿಗಳಲ್ಲಿ ಒಂದೂ ಓಟದಲ್ಲಿ ಅವಳ ಹತ್ತಿರಕ್ಕೂ ಬರಲಿಲ್ಲ. ಮೂರು ಕಪ್ ಗೆದ್ದ ಕುದುರೆಯೂ ಇವತ್ತಿಗೂ ಅವಳೊಬ್ಬಳೇ.

ಅವತ್ತು ಗೆದ್ದ ಮೇಲೆ ಲೀ ಫ್ರೀಡ್‌ಮನ್ ಒಂದು ಮಾತು ಹೇಳಿದ್ದರು. ಈ ಮೈದಾನದಲ್ಲಿರುವ ಅತಿ ಚಿಕ್ಕ ಮಗುವನ್ನು ಹುಡುಕಿ, ಇಂಥದ್ದನ್ನು ಜೀವನದಲ್ಲಿ ಇನ್ನೊಂದು ಸಲ ನೋಡುವ ಅವಕಾಶ ಆ ಮಗುವಿಗೆ ಮಾತ್ರ ಇದೆ ಅಂತ. ಅಜ್ಜಿ ಅದನ್ನು ಕೇಳಿ ನನ್ನ ಮಗಳ ಕೆನ್ನೆ ಮುಟ್ಟಿದರು. ಅವಳು ಇನ್ನೂ ಬಿಕ್ಕುತ್ತಿದ್ದಳು, ಬಾಯಲ್ಲಿ ಕಜ್ಜಾಯದ ಚೂರು.

ಅಜ್ಜಿ ಈಗಿಲ್ಲ. ನಾವೂ ಫುಟ್ಸ್‌ಕ್ರೇ ಬಿಟ್ಟು ಬಹಳ ವರ್ಷವಾಯಿತು. ಮಗಳಿಗೆ ಇಪ್ಪತ್ತು ದಾಟಿದೆ. ರೇಸಿನಲ್ಲಿ ಯಾವ ಕುದುರೆ ಇದೆ, ಯಾರು ಜಾಕಿ, ಅವಳಿಗೆ ಯಾವುದೂ ಬೇಕಿಲ್ಲ. ಆದರೆ ಆ ಮಂಗಳವಾರ ಮೂರಕ್ಕೆ ಐದು ನಿಮಿಷ ಇರುವಾಗ ಎಲ್ಲಿದ್ದರೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಓಟ ಮುಗಿದ ಕೂಡಲೇ ಎಲ್ಲರೂ ಗೆದ್ದವರನ್ನು ನೋಡುತ್ತಿರುತ್ತಾರೆ. ಅವಳ ಕಣ್ಣು ಹಿಂದೆ ಬರುವವುಗಳ ಮೇಲೆ. ಬೆರಳು ಮಡಚಿ ಎಣಿಸುತ್ತಾಳೆ. ನಾನು ಅವಳ ಬೆರಳನ್ನೇ ನೋಡುತ್ತಿರುತ್ತೇನೆ.

"ಎಲ್ಲಾ ಬಂದ್ವು ಅಮ್ಮಾ" ಅಂದಳು ಹೋದ ಸಲ. ಆಮೇಲೆ ಗೆದ್ದದ್ದು ಯಾವುದು ಅಂತ ಕೇಳಿದಳು.